ಮಿಥ್‌ಬಸ್ಟರ್ಸ್ ನೋಡುತ್ತಾ ಜಗಳ ತೆಗೆಯುವುದು ಹೇಗೆ

ಟ್ರೆಡ್‌ಮಿಲ್‌ನಂತೆ ಹಿಂದಕ್ಕೆ ಓಡುವ ಒಂದು ದೊಡ್ಡ ಬೆಲ್ಟ್. ಅದರ ಮೇಲೆ ಒಂದು ವಿಮಾನ. ವಿಮಾನ ಎಷ್ಟು ವೇಗದಲ್ಲಿ ಮುಂದೆ ಹೋಗುತ್ತದೋ ಬೆಲ್ಟು ಅಷ್ಟೇ ವೇಗದಲ್ಲಿ ಹಿಂದಕ್ಕೆ ಓಡುತ್ತದೆ. ವಿಮಾನ ಹಾರುತ್ತದೆಯೋ ಇಲ್ಲವೋ?

ಜನರ ನಂಬಿಕೆಗಳನ್ನು ಪರೀಕ್ಷೆಗಿಟ್ಟು ನೋಡುತ್ತಿದ್ದ ಟೀವಿ ಕಾರ್ಯಕ್ರಮ ‘ಮಿಥ್‌ಬಸ್ಟರ್ಸ್’, 2008ರ ಜನವರಿ 30ರಂದು ಪ್ರಸಾರವಾದ ಕಂತಿನಲ್ಲಿ ಇದನ್ನು ನಿಜವಾದ ವಿಮಾನವನ್ನೇ ಇಟ್ಟು ತೋರಿಸಿತು. ವಿಮಾನ ಹಾರಿತು. ಅಲ್ಲಿಗೆ ವಾದ ಮುಗಿಯಬೇಕಿತ್ತು; ಅಲ್ಲಿಂದ ಇನ್ನೂ ಜೋರಾಯಿತು. ‘ಬೆಲ್ಟು ಸಾಕಷ್ಟು ಜೋರಾಗಿ ಓಡಲಿಲ್ಲ’, ‘ವಿಮಾನ ಮುಂದಕ್ಕೆ ಚಲಿಸಿತಲ್ಲ, ಅದು ಮೋಸ’, ‘ದೊಡ್ಡ ಜೆಟ್ ಇಟ್ಟಿದ್ದರೆ ಗೊತ್ತಾಗುತ್ತಿತ್ತು’ ಎಂದು ನೋಡುಗರು ಹಿಡಿದ ಪಟ್ಟು ಬಿಡಲಿಲ್ಲ.

2003ರ ಜನವರಿಯಿಂದ 2016ರ ಮಾರ್ಚ್‌ವರೆಗೆ ಡಿಸ್ಕವರಿ ಚಾನೆಲ್‌ನಲ್ಲಿ ಬಂದ ಈ ಕಾರ್ಯಕ್ರಮವನ್ನು ನಡೆಸಿದ್ದು ಆಡಂ ಸ್ಯಾವೇಜ್ ಮತ್ತು ಜೇಮಿ ಹೈನಮನ್. ಇಬ್ಬರೂ ಸಿನಿಮಾ, ಜಾಹೀರಾತುಗಳಿಗೆ ಸ್ಪೆಷಲ್ ಎಫೆಕ್ಟ್ಸ್ ಮಾಡಿಕೊಂಡಿದ್ದವರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ಜೇಮಿಯ ವರ್ಕ್‌ಶಾಪೇ ಅವರ ಪ್ರಯೋಗಶಾಲೆ. ಪ್ರತಿ ನಂಬಿಕೆಗೂ ಕೊನೆಯಲ್ಲಿ ಮೂರರಲ್ಲಿ ಒಂದು ಮುದ್ರೆ ಬೀಳುತ್ತಿತ್ತು: ‘ಸುಳ್ಳು’, ‘ನಿಜ’, ಇಲ್ಲವೇ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ‘ಇದ್ದರೂ ಇರಬಹುದು’.

ಈ ಮುದ್ರೆಯ ಮೇಲೆ ಬಂದ ಆಕ್ಷೇಪಗಳನ್ನು ಜರಡಿ ಹಿಡಿದು ನೋಡಿದರೆ ಹೆಚ್ಚಿನವು ಕಣ್ಣಿಗೆ ಕಂಡ ಫಲಿತಾಂಶವನ್ನು ಅಲ್ಲಗಳೆಯುವುದಿಲ್ಲ. ಪರೀಕ್ಷೆಗೆ ಇಟ್ಟ ವಾಕ್ಯ ಯಾವುದು ಅನ್ನುವುದರ ಮೇಲೆಯೇ ತಕರಾರು. ಒಂದು ಪದ ಬದಲಾದರೆ ತೀರ್ಪೂ ತಲೆಕೆಳಗಾಗುತ್ತದೆ. ಅದು ಹೇಗೆಂದು ನೋಡಲು ವಿಮಾನದಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ.

ಬೆಲ್ಟು ಯಾರ ವೇಗಕ್ಕೆ ಸಮ?

ಕಂತಿನಲ್ಲಿ ಬಳಸಿದ್ದು ಅಲ್ಟ್ರಾಲೈಟ್ ಎಂಬ ತೀರಾ ಹಗುರವಾದ ಪುಟ್ಟ ವಿಮಾನ. ರನ್‌ವೇ ಮೇಲೆ ಉದ್ದಕ್ಕೂ ಟಾರ್ಪಾಲು ಹಾಸಿ, ವಿಮಾನವನ್ನು ಅದರ ಮೇಲೆ ನಿಲ್ಲಿಸಿ, ಟಾರ್ಪಾಲಿನ ತುದಿಯನ್ನು ಪಿಕಪ್ ಟ್ರಕ್ಕಿಗೆ ಕಟ್ಟಿ ಹಿಂದಕ್ಕೆ ಎಳೆದರು. ಹಾರುವುದಿಲ್ಲ ಎಂದು ಪೈಲಟ್ಟೇ ಅಂದುಕೊಂಡಿದ್ದರು. ಟ್ರಕ್ ಎಳೆಯಿತು, ಪ್ರೊಪೆಲ್ಲರ್ ತಿರುಗಿತು, ವಿಮಾನ ಮಾಮೂಲಿನಂತೆ ಮುಂದೆ ಓಡಿ ಮೇಲೆದ್ದಿತು.

ಪೈಲಟ್ಟೂ ಎಡವಿದ್ದು ಕಾರಿನ ಅಭ್ಯಾಸದಿಂದ. ಕಾರಿನ ಎಂಜಿನ್ ಚಕ್ರವನ್ನು ತಿರುಗಿಸುತ್ತದೆ, ಚಕ್ರ ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ನೆಲವೇ ಹಿಂದಕ್ಕೆ ಓಡಿದರೆ ಕಾರು ಇದ್ದಲ್ಲೇ ಇರುತ್ತದೆ. ವಿಮಾನದ ಚಕ್ರಕ್ಕೆ ಎಂಜಿನ್ನಿನ ಸಂಬಂಧವೇ ಇಲ್ಲ. ಅದು ಬೇರಿಂಗ್ ಮೇಲೆ ತನ್ನಷ್ಟಕ್ಕೆ ತಿರುಗುವ ಗಾಲಿ. ಪ್ರೊಪೆಲ್ಲರ್ ತಳ್ಳುವುದು ಗಾಳಿಯನ್ನು, ಗಾಳಿ ಬೆಲ್ಟಿನ ಜೊತೆ ಓಡುತ್ತಿಲ್ಲ. ಟ್ರೆಡ್‌ಮಿಲ್ ಮೇಲೆ ಗಾಲಿಬೂಟು ಹಾಕಿಕೊಂಡು ನಿಂತು ಎದುರಿನ ಗೋಡೆಗೆ ಕಟ್ಟಿದ ಹಗ್ಗವನ್ನು ಎಳೆದುಕೊಳ್ಳುವವರನ್ನು ನೆನೆಸಿಕೊಳ್ಳಿ. ಟ್ರೆಡ್‌ಮಿಲ್ ಎಷ್ಟೇ ಜೋರಾಗಿ ಓಡಲಿ, ಹಗ್ಗ ಎಳೆದಂತೆಲ್ಲ ಅವರು ಮುಂದೆ ಬರುತ್ತಾರೆ. ಕಾಲಡಿಯ ಗಾಲಿ ಮಾತ್ರ ಹೆಚ್ಚು ಸುತ್ತುತ್ತದೆ.

ಲೆಕ್ಕಕ್ಕೆ ಸುಲಭವಾದ ಅಂಕಿಗಳನ್ನು ಇಟ್ಟುಕೊಳ್ಳೋಣ. ಪೈಲಟ್ ಸೇರಿ ವಿಮಾನ 250 ಕೆ.ಜಿ., ಪ್ರೊಪೆಲ್ಲರಿನ ತಳ್ಳು 500 ನ್ಯೂಟನ್ (ನ್ಯೂಟನ್ ಬಲದ ಅಳತೆ; ಒಂದು ಕೆ.ಜಿ.ಯ ಭಾರ ಸುಮಾರು 10 ನ್ಯೂಟನ್). ಉರುಳುವ ಚಕ್ರದ ತಡೆ ಭಾರದ ನೂರಕ್ಕೆ ಎರಡು ಪಾಲು ಎಂದರೆ ಸುಮಾರು 50 ನ್ಯೂಟನ್. ಇಲ್ಲಿ ಗಮನಿಸಬೇಕಾದದ್ದು, ಈ ತಡೆ ಚಕ್ರದ ವೇಗಕ್ಕೆ ತಕ್ಕಂತೆ ಏರುತ್ತಾ ಹೋಗುವುದಿಲ್ಲ. ವಿಮಾನ ಗಂಟೆಗೆ 40 ಕಿ.ಮೀ. ಮುಂದೆ, ಬೆಲ್ಟು 40 ಕಿ.ಮೀ. ಹಿಂದೆ ಓಡಿದರೆ ಚಕ್ರ 80 ಕಿ.ಮೀ. ವೇಗದಲ್ಲಿ ಉರುಳುತ್ತದೆ, ತಡೆ ಆಗಲೂ ಹೆಚ್ಚುಕಡಿಮೆ ಅದೇ 50 ನ್ಯೂಟನ್. ಉಳಿದ 450 ನ್ಯೂಟನ್ ವಿಮಾನವನ್ನು ಮುಂದಕ್ಕೆ ಒಯ್ಯುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಬ್ಯಾಟರಿ ಇಲ್ಲದ, ಗಾಲಿ ಸಲೀಸಾಗಿ ಉರುಳುವ ಆಟದ ಕಾರಿನ ಮುಂಭಾಗಕ್ಕೆ ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ. ಕಾರನ್ನು ಟ್ರೆಡ್‌ಮಿಲ್ ಮೇಲಿಟ್ಟು ಗಂಟೆಗೆ 3 ಕಿ.ಮೀ., 6 ಕಿ.ಮೀ., 9 ಕಿ.ಮೀ. ವೇಗದಲ್ಲಿ ತಕ್ಕಡಿಯ ಮುಳ್ಳು ನೋಡಿ. ವೇಗ ಮೂರು ಪಟ್ಟಾದರೂ ಮುಳ್ಳು ಹೆಚ್ಚು ಕದಲುವುದಿಲ್ಲ. ಕದಲಿದರೆ ಗಾಲಿಯ ಸಂದಿಯಲ್ಲಿ ಕೂದಲೋ ದಾರವೋ ಸುತ್ತಿಕೊಂಡಿರುತ್ತದೆ, ತೆಗೆದು ಮತ್ತೆ ನೋಡಿ. ದಾರ ಬೆಲ್ಟಿಗೆ ಸಮಾನಾಂತರವಾಗಿರಬೇಕು. ಮೇಲಕ್ಕೆ ಎಳೆದಂತಿದ್ದರೆ ಕಾರಿನ ಭಾರದಲ್ಲಿ ಒಂದಿಷ್ಟನ್ನು ದಾರವೇ ಹೊತ್ತು ಅಳತೆ ಕೆಡುತ್ತದೆ.

ಹಾಗಾದರೆ ಪಟ್ಟು ಹಿಡಿದವರೆಲ್ಲ ದಡ್ಡರೇ? ಅಲ್ಲ. ಅವರಲ್ಲಿ ಅನೇಕರು ಕೇಳಿಸಿಕೊಂಡ ಒಗಟು ಬೇರೆ: ‘ಬೆಲ್ಟಿನ ವೇಗ ಯಾವಾಗಲೂ ಚಕ್ರದ ವೇಗಕ್ಕೆ ಸಮ.’ ಕಾರ್ಯಕ್ರಮ ಪರೀಕ್ಷಿಸಿದ್ದು ‘ಬೆಲ್ಟಿನ ವೇಗ ವಿಮಾನದ ವೇಗಕ್ಕೆ ಸಮ’ ಎಂಬುದನ್ನು. ಚಕ್ರ ಉರುಳುವ ವೇಗವೆಂದರೆ ವಿಮಾನದ ವೇಗ ಮತ್ತು ಬೆಲ್ಟಿನ ವೇಗ ಎರಡೂ ಕೂಡಿದ್ದು. ಆ ಮೊತ್ತ ಬೆಲ್ಟಿನ ವೇಗಕ್ಕೇ ಸಮವಾಗಬೇಕಾದರೆ ವಿಮಾನದ ವೇಗ ಸೊನ್ನೆಯಾಗಿರಬೇಕು. ಅಂದರೆ ಆ ಒಗಟು ಉತ್ತರವನ್ನು ಪ್ರಶ್ನೆಯ ಹೊಟ್ಟೆಯೊಳಗೇ ಬಚ್ಚಿಟ್ಟುಕೊಂಡಿದೆ. ‘ವಿಮಾನ ಮುಂದೆ ಹೋಗದ ಹಾಗೆ ಹಿಡಿದಿಟ್ಟರೆ ಹಾರುತ್ತದೆಯೇ’ ಎಂದು ಕೇಳಿದಂತೆ. ಹಾರುವುದಿಲ್ಲ.

ಅಂಥ ಬೆಲ್ಟನ್ನು ಮಾಡಲು ಆಗುತ್ತದೆಯೇ? ಚಕ್ರದ ಜಡತೆಯನ್ನು ಬಳಸಿಕೊಂಡರೆ ಕಾಗದದ ಮೇಲೆ ಆಗುತ್ತದೆ. ಬೆಲ್ಟು ಸಮವೇಗದಲ್ಲಿ ಓಡಿದರೆ ಸಾಲದು, ಕ್ಷಣಕ್ಷಣಕ್ಕೂ ವೇಗ ಏರಿಸುತ್ತಿರಬೇಕು. ಆಗ ಚಕ್ರವನ್ನು ಇನ್ನೂ ಜೋರಾಗಿ ಸುತ್ತಿಸಲು ಬೇಕಾದ ಬಲ ಅಚ್ಚಿನ ಮೇಲೆ ಹಿಂದಕ್ಕೆ ಬೀಳುತ್ತದೆ. ಮೂರೂ ಚಕ್ರ ಸೇರಿ 6 ಕೆ.ಜಿ., ಗಟ್ಟಿ ತಟ್ಟೆಯಂಥ ಚಕ್ರ ಎಂದಿಟ್ಟುಕೊಂಡರೆ ಆ ಬಲ ಚಕ್ರದ ತೂಕದ ಅರ್ಧವನ್ನು ಬೆಲ್ಟಿನ ವೇಗೋತ್ಕರ್ಷದಿಂದ ಗುಣಿಸಿದಷ್ಟು. 500 ನ್ಯೂಟನ್ನಿಗೆ ಸರಿಗಟ್ಟಲು ಬೆಲ್ಟು ಪ್ರತಿ ಸೆಕೆಂಡಿಗೂ ತನ್ನ ವೇಗವನ್ನು ಸೆಕೆಂಡಿಗೆ 167 ಮೀಟರಿನಷ್ಟು, ಅಂದರೆ ಗಂಟೆಗೆ 600 ಕಿ.ಮೀ.ಯಷ್ಟು ಏರಿಸಬೇಕು. ಎರಡನೇ ಸೆಕೆಂಡು ಮುಗಿಯುವಾಗ ಬೆಲ್ಟು ಶಬ್ದದ ವೇಗದ ಹತ್ತಿರ ಇರುತ್ತದೆ. ಅದಕ್ಕೂ ಮೊದಲೇ ಟೈರು ಚಿಂದಿಯಾಗುತ್ತದೆ, ಬೇರಿಂಗ್ ಹಿಡಿದುಕೊಳ್ಳುತ್ತದೆ. ಟಾರ್ಪಾಲು ಮತ್ತು ಪಿಕಪ್ ಟ್ರಕ್ಕಿನ ಕೆಲಸ ಅಲ್ಲ ಅದು.

ಎದುರುಬದುರು ಡಿಕ್ಕಿ

ನೋಡುಗರ ತಕರಾರೇ ಹೊಸ ಪರೀಕ್ಷೆಗೆ ದಾರಿಯಾದ ಪ್ರಸಂಗವೂ ಇದೆ. ಎರಡು ದೊಡ್ಡ ಟ್ರಕ್ಕುಗಳ ನಡುವೆ ಒಂದು ಚಿಕ್ಕ ಕಾರನ್ನು ಸಿಕ್ಕಿಸಿ ಜಜ್ಜುವ ಹಳೆಯ ಕಂತೊಂದರಲ್ಲಿ ಜೇಮಿ ಒಂದು ಮಾತಾಡಿದರು: ಗಂಟೆಗೆ 50 ಮೈಲಿ ವೇಗದ ಎರಡು ವಾಹನ ಎದುರುಬದುರು ಗುದ್ದುವುದೂ ಒಂದೇ, ಒಂದು ವಾಹನ 100 ಮೈಲಿ ವೇಗದಲ್ಲಿ ಗೋಡೆಗೆ ಗುದ್ದುವುದೂ ಒಂದೇ. ಕೇಳಿದರೆ ಸರಿ ಅನ್ನಿಸುತ್ತದೆ, 50ಕ್ಕೆ 50 ಕೂಡಿದರೆ ನೂರು ತಾನೇ. ನೋಡುಗರು ನ್ಯೂಟನ್ನನ ಮೂರನೇ ನಿಯಮ ಹಿಡಿದುಕೊಂಡು ಮುಗಿಬಿದ್ದರು. 2010ರಲ್ಲಿ ಅದನ್ನೇ ಪರೀಕ್ಷೆಗಿಟ್ಟರು. ಮೊದಲು ಜೇಡಿಮಣ್ಣಿನ ತುಂಡುಗಳನ್ನು ತೂಗಾಡುವ ಭಾರದಿಂದ ಚಪ್ಪಟೆ ಮಾಡಿ ಅಳೆದರು, ಆಮೇಲೆ ನಿಜವಾದ ಕಾರುಗಳು: ಒಂದು 50ರಲ್ಲಿ ಗೋಡೆಗೆ, ಒಂದು 100ರಲ್ಲಿ ಗೋಡೆಗೆ, ಎರಡು 50ರಲ್ಲಿ ಎದುರುಬದುರು. ಎದುರುಬದುರು ಗುದ್ದಿದ ಕಾರುಗಳು 50ರಲ್ಲಿ ಗೋಡೆಗೆ ಗುದ್ದಿದ ಕಾರಿನಂತೆಯೇ ಮುದುಡಿದ್ದವು. 100ರಲ್ಲಿ ಗುದ್ದಿದ್ದರ ಗತಿ ಬೇರೆಯೇ ಆಗಿತ್ತು. ನೋಡುಗರೇ ಗೆದ್ದರು.

50 ಮೈಲಿ ಎಂದರೆ 80 ಕಿ.ಮೀ. ಒಂದು ಟನ್ ತೂಕದ ಕಾರಿಗೆ ಆ ವೇಗದಲ್ಲಿ ಸುಮಾರು 247 ಕಿಲೋಜೂಲ್ ಚಲನಶಕ್ತಿ ಇರುತ್ತದೆ. ಗೋಡೆಗೆ ಗುದ್ದಿದರೆ ಇಷ್ಟನ್ನೂ ಆ ಒಂದೇ ಕಾರಿನ ಮೂತಿ ನುಂಗಬೇಕು. ಎರಡು ಕಾರು ಎದುರುಬದುರಾದರೆ ಒಟ್ಟು ಶಕ್ತಿ 494, ಆದರೆ ನುಂಗುವ ಮೂತಿಗಳೂ ಎರಡು, ತಲಾ 247. ವೇಗ 160 ಆದರೆ ಶಕ್ತಿ ಇಮ್ಮಡಿಯಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ: 988 ಕಿಲೋಜೂಲ್, ನುಂಗುವ ಮೂತಿ ಒಂದೇ. ಇದನ್ನು ಎತ್ತರಕ್ಕೆ ತಿರುಗಿಸಿ ಹೇಳಿದರೆ ಎದೆ ಝಲ್ಲೆನ್ನುತ್ತದೆ. 80 ಕಿ.ಮೀ.ಯಲ್ಲಿ ಗೋಡೆಗೆ ಗುದ್ದುವುದು 25 ಮೀಟರ್, ಅಂದರೆ ಎಂಟು ಮಹಡಿ ಎತ್ತರದಿಂದ ಮೂತಿ ಕೆಳಗಾಗಿ ಬಿದ್ದಂತೆ. 160ರಲ್ಲಿ ಗುದ್ದುವುದು 100 ಮೀಟರ್ ಎತ್ತರದಿಂದ ಬಿದ್ದಂತೆ.

ಇಷ್ಟು ಹೇಳಿ ‘ಜೇಮಿ ಹೇಳಿದ್ದು ಸುಳ್ಳು’ ಎಂದು ಎದ್ದು ಹೋಗುವವರು ಮುಖ್ಯವಾದದ್ದನ್ನು ಬಿಟ್ಟು ಹೋಗುತ್ತಾರೆ. ಪರೀಕ್ಷೆಯಲ್ಲಿ ಎರಡೂ ಕಾರಿನ ತೂಕ ಒಂದೇ. ಸಮಬಲದ ಎರಡು ಕಾರು ಡಿಕ್ಕಿಯಾದಾಗ ನಡುವಿನ ಗೆರೆ ಅಲುಗಾಡುವುದಿಲ್ಲ, ಅಲ್ಲೊಂದು ಕಾಣದ ಗೋಡೆ ಇದ್ದ ಹಾಗೆ. ತೂಕ ಬೇರೆಯಾದರೆ ಆ ಗೋಡೆಯೇ ನಿಮ್ಮ ಕಡೆಗೆ ಓಡಿ ಬರುತ್ತದೆ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ರಾಂಗ್‌ಸೈಡಿನಲ್ಲಿ ಬಂದ 10 ಟನ್ ಲಾರಿಗೆ 1 ಟನ್ ಕಾರು ಎದುರಾಯಿತು, ಇಬ್ಬರದೂ 80 ಕಿ.ಮೀ. ಎನ್ನಿ. ಗುದ್ದಿ ಅಂಟಿಕೊಂಡ ಮೇಲೆ ಎರಡೂ ಲಾರಿಯ ದಿಕ್ಕಿಗೆ ಗಂಟೆಗೆ ಸುಮಾರು 65 ಕಿ.ಮೀ. ವೇಗದಲ್ಲಿ ಜಾರುತ್ತವೆ. ಲಾರಿಯ ವೇಗ ಬದಲಾದದ್ದು 15 ಕಿ.ಮೀ.ಗಿಂತ ಕಡಿಮೆ. ಕಾರಿನದು 80 ಮುಂದಕ್ಕೆ ಇದ್ದದ್ದು 65 ಹಿಂದಕ್ಕಾಯಿತು, ಒಟ್ಟು 145 ಕಿ.ಮೀ. ಬದಲಾವಣೆ. ಕಾರಿನೊಳಗೆ ಕೂತವರ ಮಟ್ಟಿಗೆ ‘ವೇಗ ಎರಡನ್ನೂ ಕೂಡಿಸು’ ಎಂಬ ಹೆದ್ದಾರಿಯ ಅಂದಾಜು ಬಹುತೇಕ ಸರಿ. ‘ಒಂದೇ ತೂಕದ’ ಅನ್ನುವ ಎರಡು ಪದ ಇದ್ದರೆ ಸುಳ್ಳು, ತೆಗೆದರೆ ಹತ್ತಿರಹತ್ತಿರ ನಿಜ.

ಸೀಟ್ ಬೆಲ್ಟಿನ ಬಗ್ಗೆಯೂ ಇಲ್ಲೇ ಒಂದು ಲೆಕ್ಕ. 80 ಕಿ.ಮೀ. ವೇಗದ ಕಾರಿನ ಮೂತಿ 60 ಸೆಂಟಿಮೀಟರ್ ಮುದುಡಿ ನಿಂತರೆ ಒಳಗಿರುವವರ ಮೇಲೆ ಗುರುತ್ವದ 42 ಪಟ್ಟು ಬಲ ಬೀಳುತ್ತದೆ. 60 ಕೆ.ಜಿ. ತೂಕದವರಿಗೆ ಅದು ಎರಡೂವರೆ ಟನ್. ಡ್ಯಾಶ್‌ಬೋರ್ಡಿಗೆ ಕೈ ಕೊಟ್ಟು ತಡೆದುಕೊಳ್ಳುತ್ತೇನೆ ಅನ್ನುವವರು ಎರಡೂವರೆ ಟನ್ ಎತ್ತುವ ಕೈ ಇದೆಯೇ ಎಂದು ನೋಡಿಕೊಳ್ಳಬೇಕು. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತವರು ಅಷ್ಟೇ ಭಾರವಾಗಿ ಮುಂದಿನವರ ಬೆನ್ನಿಗೆ ಬೀಳುತ್ತಾರೆ.

ಆರ್ಕಿಮಿಡೀಸನ ಕನ್ನಡಿ: ಮೂರು ಸಲ ಸೋತ ಕಥೆ

ಕ್ರಿ.ಪೂ. 212ರ ಸುಮಾರಿಗೆ ಸಿರಾಕ್ಯೂಸ್ ನಗರಕ್ಕೆ ಮುತ್ತಿಗೆ ಹಾಕಿದ ರೋಮನ್ ಹಡಗುಗಳನ್ನು ಆರ್ಕಿಮಿಡೀಸ್ ಕನ್ನಡಿಗಳಿಂದ ಬಿಸಿಲು ಹಾಯಿಸಿ ಸುಟ್ಟ ಎಂಬುದು ಪ್ರತೀತಿ. ಆ ಯುದ್ಧಕ್ಕೆ ಹತ್ತಿರದ ಕಾಲದ ಇತಿಹಾಸಕಾರ ಪೊಲಿಬಿಯಸ್ ಬರೆದಿದ್ದರಲ್ಲಿ ಈ ಕನ್ನಡಿಗಳ ಸುದ್ದಿಯಿಲ್ಲ; ಶತಮಾನಗಳ ನಂತರದವರ ಬರವಣಿಗೆಯಲ್ಲಿ ಬರುತ್ತದೆ. ಕಾರ್ಯಕ್ರಮ 2004ರಲ್ಲಿ ‘ಸುಳ್ಳು’ ಎಂದಿತು. ನೋಡುಗರು ಒಪ್ಪಲಿಲ್ಲ. 2005ರಲ್ಲಿ ಅಮೆರಿಕದ ಎಂಐಟಿ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಕ್ಯಾಂಪಸ್ಸಿನಲ್ಲೇ ಒಂದು ಅಡಿ ಚೌಕದ 127 ಕನ್ನಡಿಗಳನ್ನು ಜೋಡಿಸಿ, 100 ಅಡಿ ದೂರದ ಹಡಗಿನ ಮರದ ಮಾದರಿಗೆ ಬೆಂಕಿ ಹೊತ್ತಿಸಿಯೇಬಿಟ್ಟರು. 2006ರಲ್ಲಿ ಪ್ರಸಾರವಾದ ಕಂತಿಗಾಗಿ ಅವರನ್ನೇ ಕರೆಸಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಿಜವಾದ ಮರದ ದೋಣಿಯ ಮೇಲೆ ಮತ್ತೆ ಮಾಡಿಸಿದರು. 150 ಅಡಿಯಲ್ಲಿ ಮರ ಕರಕಲಾಯಿತು ಅಷ್ಟೆ. ಅರ್ಧ ದೂರಕ್ಕೆ ತಂದ ಮೇಲೆ ಸಣ್ಣ ಜ್ವಾಲೆ ಕಾಣಿಸಿತು. ಮತ್ತೆ ‘ಸುಳ್ಳು’. 2010ರ ಡಿಸೆಂಬರಿನಲ್ಲಿ ಅಧ್ಯಕ್ಷ ಬರಾಕ್ ಒಬಾಮರೇ ಬಂದು ಇನ್ನೊಮ್ಮೆ ನೋಡಿ ಎಂದರು. 500 ಜನ ಕನ್ನಡಿ ಹಿಡಿದು ನಿಂತರು. ಆಗಲೂ ‘ಸುಳ್ಳು’.

100 ಅಡಿಯಲ್ಲಿ ಹೊತ್ತಿದ್ದು ಅದಕ್ಕಿಂತ ದೂರದಲ್ಲಿ ಯಾಕೆ ಹೊತ್ತುವುದಿಲ್ಲ? ‘ಕನ್ನಡಿ ಸರಿಯಾಗಿ ಹಿಡಿಯಲಿಲ್ಲ’ ಅನ್ನುವ ಆಕ್ಷೇಪದಲ್ಲಿ ಸ್ವಲ್ಪ ಸತ್ಯವಿದೆ, ಅದಕ್ಕೆ ಆಮೇಲೆ ಬರೋಣ. ದೊಡ್ಡ ತೊಡಕು ಸೂರ್ಯನ ಗಾತ್ರದ್ದು.

ಹೆಂಚಿನ ಮನೆಯಲ್ಲಿ ಸಂದಿಯಿಂದ ನೆಲಕ್ಕೆ ಬೀಳುವ ಬಿಸಿಲಿನ ಚುಕ್ಕೆ ನೋಡಿದವರಿಗೆ ಗೊತ್ತು: ಸಂದಿ ಯಾವ ಆಕಾರದಲ್ಲಿದ್ದರೂ ಚುಕ್ಕೆ ಮಾತ್ರ ದುಂಡಗೆ. ಅದು ಸಂದಿಯ ಚಿತ್ರವಲ್ಲ, ಸೂರ್ಯನದೇ ಚಿತ್ರ. ನೆಲದಿಂದ ಸಂದಿಗಿರುವ ದೂರವನ್ನು 107ರಿಂದ ಭಾಗಿಸಿದರೆ ಆ ಚುಕ್ಕೆಯ ಅಗಲ ಹೆಚ್ಚುಕಡಿಮೆ ಸಿಗುತ್ತದೆ. ಬೆಳಕು 3 ಮೀಟರ್ ಸಾಗಿ ಬಿದ್ದಿದ್ದರೆ ಚುಕ್ಕೆ 28 ಮಿಲಿಮೀಟರ್. ಚಪ್ಪಟೆ ಕನ್ನಡಿಯ ಬೆಳಕೂ ಹೀಗೆಯೇ ದೂರ ಹೋದಷ್ಟೂ ಹರಡುತ್ತದೆ. 30 ಸೆಂಟಿಮೀಟರ್ ಕನ್ನಡಿಯ ಬೆಳಕು 30 ಮೀಟರ್ ದೂರದಲ್ಲಿ ಸುಮಾರು 58 ಸೆಂಟಿಮೀಟರ್ ಅಗಲಕ್ಕೆ ಹರಡಿ, ತೀವ್ರತೆ ನೂರಕ್ಕೆ 27ಕ್ಕೆ ಇಳಿಯುತ್ತದೆ. 100 ಮೀಟರಿನಲ್ಲಿ ಹರವು ಒಂದೂಕಾಲು ಮೀಟರ್, ತೀವ್ರತೆ ನೂರಕ್ಕೆ 6. ಎಂಐಟಿಯ 127 ಕನ್ನಡಿಗಳು ಸುಮಾರು 30 ಮೀಟರಿನಲ್ಲಿ ಕೊಟ್ಟ ಬಿಸಿಯನ್ನೇ 100 ಮೀಟರಿನಲ್ಲಿ ಕೊಡಲು 570 ಕನ್ನಡಿ ಬೇಕು, ಅವಷ್ಟೂ ಒಂದೇ ಜಾಗಕ್ಕೆ ಬೀಳಬೇಕು. ಗಾಜಿನ ಕನ್ನಡಿಗೇ ಇಷ್ಟು ಲೆಕ್ಕ. ಆರ್ಕಿಮಿಡೀಸನ ಕಾಲದ್ದು ಉಜ್ಜಿ ಹೊಳಪಿಟ್ಟ ಕಂಚು, ಅದು ಬೆಳಕನ್ನು ಇನ್ನೂ ಕಡಿಮೆ ಹಿಂತಿರುಗಿಸುತ್ತದೆ.

ಇನ್ನು ಗುರಿ. ಒಬ್ಬರೇ ಕನ್ನಡಿ ಹಿಡಿದರೆ ಬೆಳಕಿನ ಚೌಕ ಎಲ್ಲಿ ಬಿತ್ತೆಂದು ಕಾಣುತ್ತದೆ. ನೂರು ಜನರ ಬೆಳಕು ಒಂದೇ ಕಡೆ ಸೇರಿದ ಮೇಲೆ ಅದರಲ್ಲಿ ತನ್ನದು ಯಾವುದೆಂದು ಯಾರಿಗೂ ತಿಳಿಯುವುದಿಲ್ಲ. ಕೈ ಅರ್ಧ ಡಿಗ್ರಿ ನಡುಗಿದರೆ ಬೆಳಕು ಒಂದು ಡಿಗ್ರಿ ಸರಿಯುತ್ತದೆ, 100 ಮೀಟರಿನಲ್ಲಿ ಅದು ಒಂದೂಮುಕ್ಕಾಲು ಮೀಟರ್. ಸ್ಟ್ಯಾಂಡಿಗೆ ಬಿಗಿದರೆ ನಡುಕ ತಪ್ಪುತ್ತದೆ, ಆದರೆ ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಜರುಗುತ್ತಾನೆ. ಸಾಲು ಮುಗಿಸುವಷ್ಟರಲ್ಲಿ ಮೊದಲನೆಯದರ ಗುರಿ ತಪ್ಪಿರುತ್ತದೆ. ಮೋಡ ಬಂದರೆ ಎಲ್ಲವೂ ಮೊದಲಿನಿಂದ. ಹಡಗೂ ನಿಂತಲ್ಲಿ ನಿಲ್ಲುವ ಪ್ರಾಣಿಯಲ್ಲ. ಸಿರಾಕ್ಯೂಸಿನ ಸಮುದ್ರ ಪೂರ್ವಕ್ಕಿದೆ, ಬಿಸಿಲು ಒದಗುವುದು ಬೆಳಿಗ್ಗೆಯ ಹೊತ್ತು ಮಾತ್ರ.

ಇಲ್ಲೂ ಎರಡು ವಾಕ್ಯ ಕಲಸಿಹೋಗಿವೆ. ‘ಕನ್ನಡಿಗಳಿಂದ ದೂರದ ಮರಕ್ಕೆ ಬೆಂಕಿ ಹಚ್ಚಬಹುದು’ ಎಂಬುದು ನಿಜ, ಎಂಐಟಿ ಅಂಗಳದಲ್ಲಿ ಅದು ಆಯಿತು. ‘ಕ್ರಿ.ಪೂ. 212ರ ಸಾಮಗ್ರಿಯಿಂದ, ಚಲಿಸುವ ಹಡಗಿಗೆ, ಯುದ್ಧಕ್ಕೆ ಉಪಯೋಗ ಬೀಳುವಷ್ಟು ದೂರದಲ್ಲಿ’ ಎಂದರೆ ಬೇರೆ ಮಾತು. 2010ರ ಕಂತಿನಲ್ಲಿ ದೋಣಿಯ ಮೇಲೆ ನಿಂತಿದ್ದ ಜೇಮಿಗೆ ಕಣ್ಣು ಕೋರೈಸಿ ಏನೂ ಕಾಣದಂತಾಯಿತು. ಸುಡಲಾಗದಿದ್ದರೂ ಕಣ್ಣು ಕುಕ್ಕಿಸಿ ಚುಕ್ಕಾಣಿ ಹಿಡಿದವನ ದಿಕ್ಕು ತಪ್ಪಿಸಬಹುದು ಎಂಬ ಆ ಸಣ್ಣ ಗಮನಿಕೆ ನಮ್ಮ ಮಟ್ಟಿಗೆ ಮೂರು ‘ಸುಳ್ಳು’ ಮುದ್ರೆಗಳಿಗಿಂತ ಬೆಲೆಯುಳ್ಳದ್ದು.

ಆಕಳಿಕೆಯ ಲೆಕ್ಕದಲ್ಲಿ ಬಿದ್ದ ತೂತು

ಇಲ್ಲಿಯವರೆಗೆ ಕಾರ್ಯಕ್ರಮದ ಪರವಾಗಿಯೇ ಮಾತಾಡಿದ್ದಾಯಿತು. 2005ರ ಆಕಳಿಕೆ ಪ್ರಯೋಗದಲ್ಲಿ ನೋಡುಗರ ದೂರು ಪೂರಾ ಸರಿ.

ಒಬ್ಬರು ಆಕಳಿಸಿದರೆ ನೋಡಿದವರೂ ಆಕಳಿಸುತ್ತಾರೆಯೇ? 50 ಜನರನ್ನು ಒಬ್ಬೊಬ್ಬರಾಗಿ ಪುಟ್ಟ ಕೋಣೆಯಲ್ಲಿ ಕೂರಿಸಿ ಗುಪ್ತ ಕ್ಯಾಮೆರಾದಲ್ಲಿ ನೋಡಿದರು. 34 ಜನರ ಮುಂದೆ ಬೇಕೆಂದೇ ಆಕಳಿಸಿ ಒಳಗೆ ಕಳಿಸಿದರು, ಅವರಲ್ಲಿ 10 ಮಂದಿ ಆಕಳಿಸಿದರು: ನೂರಕ್ಕೆ 29. ಉಳಿದ 16 ಜನರ ಮುಂದೆ ಯಾರೂ ಆಕಳಿಸಲಿಲ್ಲ, ಅವರಲ್ಲಿ 4 ಮಂದಿ ಆಕಳಿಸಿದರು: ನೂರಕ್ಕೆ 25. 29 ದೊಡ್ಡದು, 25 ಚಿಕ್ಕದು, ಆದ್ದರಿಂದ ‘ನಿಜ’ ಎಂದು ಮುದ್ರೆ ಒತ್ತಿದರು.

ಶೇಕಡಾವಾರು ಬಿಟ್ಟು ತಲೆ ಎಣಿಸಿ. ಆಕಳಿಕೆ ಕಂಡವರಲ್ಲಿ ಒಬ್ಬರು ಸುಮ್ಮನಿದ್ದು, ಕಾಣದವರಲ್ಲಿ ಒಬ್ಬರು ಹೆಚ್ಚಿಗೆ ಆಕಳಿಸಿದ್ದರೆ? 34ರಲ್ಲಿ 9 ಎಂದರೆ 26, 16ರಲ್ಲಿ 5 ಎಂದರೆ 31. ಹಿಂದಿನ ರಾತ್ರಿ ಒಬ್ಬರಿಗೆ ಸರಿಯಾಗಿ ನಿದ್ದೆ ಬರದಿದ್ದರೂ ‘ನಿಜ’ ಹೋಗಿ ‘ಸುಳ್ಳು’ ಆಗುತ್ತಿತ್ತು.

ಇದನ್ನು ಹುಣಸೆ ಬೀಜದಲ್ಲಿ ಆಡಿ ನೋಡಬಹುದು. 50 ಬೀಜ ತೆಗೆದುಕೊಂಡು, ಒಟ್ಟು ಆಕಳಿಸಿದ 14 ಜನರ ಲೆಕ್ಕಕ್ಕೆ 14 ಬೀಜಗಳ ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬಿಳಿ ಮಾಡಿ. ಎಲ್ಲವನ್ನೂ ಬಟ್ಟೆಯ ಚೀಲಕ್ಕೆ ಹಾಕಿ ಕುಲುಕಿ, ನೋಡದೆ 16 ಬೀಜ ಎತ್ತಿ. ಅದರಲ್ಲಿ ತೇಯ್ದವು 4 ಅಥವಾ ಅದಕ್ಕಿಂತ ಕಡಿಮೆ ಬಂದರೆ, ಕಾರ್ಯಕ್ರಮಕ್ಕೆ ಸಿಕ್ಕಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಬಂತೆಂದು ಅರ್ಥ. 40 ಸಲ ಎತ್ತಿ ಬರೆದುಕೊಂಡರೆ ಸುಮಾರು 20 ಸಲ ಹಾಗೆ ಬರುತ್ತದೆ. ಬೀಜ ಬೀಜಕ್ಕೆ ಆಕಳಿಕೆ ಅಂಟಿಸುವುದಿಲ್ಲವಲ್ಲ! ಬರಿಯ ಆಕಸ್ಮಿಕವೇ ಎರಡಕ್ಕೊಂದು ಸಲ ತರುವ ವ್ಯತ್ಯಾಸವನ್ನು ಸಾಕ್ಷಿ ಎಂದು ಎಣಿಸುವಂತಿಲ್ಲ. ತೇಯ್ದ ಮಗ್ಗುಲು ಬೆರಳಿಗೆ ತಿಳಿಯುತ್ತದೆ, ಹಾಗಾಗಿ ತಡಕಾಡದೆ ಹಿಡಿಯಾಗಿ ತೆಗೆದು 16 ಎಣಿಸಿಕೊಳ್ಳಿ.

25ಕ್ಕೂ 29ಕ್ಕೂ ನಡುವಿನ ಇಷ್ಟು ಕಿರಿದಾದ ಅಂತರವನ್ನು ನಂಬಿಕೆಯಿಂದ ಹೇಳಲು ಪ್ರತಿ ಗುಂಪಿಗೂ ಒಂದೂವರೆಯಿಂದ ಎರಡು ಸಾವಿರ ಜನ ಬೇಕು. ಟೀವಿಯ ಕಂತಿಗೆ ಅದು ಆಗದ ಮಾತು. ಬೇರೆ ಕಡೆ ನಡೆದ ಅಧ್ಯಯನಗಳಲ್ಲಿ ಆಕಳಿಕೆ ಅಂಟುತ್ತದೆ ಎಂದು ಕಂಡಿದೆ. ಆ ಲೆಕ್ಕದಲ್ಲಿ ಕಾರ್ಯಕ್ರಮದ ಉತ್ತರ ಸರಿ, ಉತ್ತರಕ್ಕೆ ಕೊಟ್ಟ ಕಾರಣ ತಪ್ಪು. ಗಣಿತದ ಮೇಷ್ಟ್ರು ಇಂಥದಕ್ಕೆ ಸೊನ್ನೆ ಹಾಕುತ್ತಾರೆ.

ಕಾರಿನ ಡಿಕ್ಕಿಯನ್ನು ಒಂದೇ ಸಲ ಮಾಡಿದರೂ ಸಾಕು, ಆಕಳಿಕೆಗೆ ಐವತ್ತೂ ಸಾಲದು. ಒಂದೇ ತೂಕದ ಎರಡು ಕಾರು ಇವತ್ತು ಹೀಗೆ, ನಾಳೆ ಹಾಗೆ ಮುದುಡುವುದಿಲ್ಲ. ಮನುಷ್ಯರು ಹಾಗೆ ಮಾಡುತ್ತಾರೆ. ಸ್ಫೋಟ, ಡಿಕ್ಕಿ, ಹಾರಾಟದ ಕಂತುಗಳು ಹಳಸದೆ ಉಳಿದದ್ದೂ, ಅಭ್ಯಾಸ, ರುಚಿ, ನಡವಳಿಕೆಯ ಕಂತುಗಳು ಸೊರಗಿದ್ದೂ ಇದೇ ಕಾರಣಕ್ಕೆ. ಸ್ಫೋಟದ ಮಾತು ಬಂತಲ್ಲ: ನಂಬಿಕೆ ಸುಳ್ಳಾದ ಮೇಲೆ ‘ಹಾಗಾದರೆ ಆ ಫಲಿತಾಂಶ ಬರಲು ಎಷ್ಟು ಬೇಕು’ ಎಂದು ಮುಂದುವರಿಯುವ ಅವರ ಪದ್ಧತಿಯನ್ನು ಕೆಲವರು ಬರೀ ಪಟಾಕಿ ಎಂದು ಹೀಗಳೆಯುತ್ತಾರೆ. ಗಟ್ಟಿಯಾದ ಕಾಂಕ್ರೀಟನ್ನು ಸಿಮೆಂಟ್ ಲಾರಿಯ ಡ್ರಮ್ಮಿನಿಂದ ಡೈನಮೈಟ್ ಇಟ್ಟು ಬಿಡಿಸುವ ಕಂತಿನ ಕೊನೆಗೆ 850 ಪೌಂಡ್, ಅಂದರೆ ಸುಮಾರು 385 ಕೆ.ಜಿ. ಸ್ಫೋಟಕ ಇಟ್ಟು ಇಡೀ ಲಾರಿಯನ್ನೇ ಇಲ್ಲವಾಗಿಸಿದ್ದು ಪಟಾಕಿಯೇ ಸರಿ. ಆದರೂ ಸಾಧ್ಯತೆಯ ಎರಡು ಕೊನೆಗಳನ್ನು ಗುರುತು ಹಾಕಿಕೊಳ್ಳುವ ಕ್ರಮವಾಗಿ ಆ ಪದ್ಧತಿಯಲ್ಲಿ ಹುರುಳಿದೆ.

ಮನೆಯಲ್ಲಿ ಮಾಡುವುದಾದರೆ ಕಾಫಿ

ಫಿರಂಗಿಗಳ ತಂಟೆ ಬೇಡ. 2011ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಡಬ್ಲಿನ್ ಊರಿನಲ್ಲಿ ಇದೇ ಕಾರ್ಯಕ್ರಮದವರ ಫಿರಂಗಿ ಗುಂಡು ಗುರಿ ತಪ್ಪಿ, ಗುಡ್ಡಕ್ಕೆ ತಾಗಿ ಪುಟಿದು, ಒಂದು ಮನೆಯನ್ನು ಹಾದು, ನಿಂತಿದ್ದ ವ್ಯಾನಿನೊಳಗೆ ಹೋಗಿ ಬಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಪೊಲೀಸರ ಬಾಂಬ್ ಪರೀಕ್ಷಾ ಮೈದಾನದಲ್ಲೇ ಹೀಗಾದ ಮೇಲೆ ನಮ್ಮ ಹಿತ್ತಿಲಿನ ಮಾತೇನು.

ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1935ರಲ್ಲಿ ಬರೆದ ಒಂದು ಪ್ರಯೋಗ ನಮ್ಮ ಅಡಿಗೆಮನೆಗೆ ಹೇಳಿಮಾಡಿಸಿದಂತಿದೆ. ಚಹಾಕ್ಕೆ ಹಾಲು ಮೊದಲು ಹಾಕಿದ್ದೋ ಆಮೇಲೆ ಹಾಕಿದ್ದೋ ಕುಡಿದೇ ಹೇಳುತ್ತೇನೆ ಎಂದ ಮಹಿಳೆಗೆ ಎಂಟು ಕಪ್ ಕೊಟ್ಟು ನೋಡುವುದು. ನಮ್ಮಲ್ಲಿ ಡಿಕಾಕ್ಷನ್ನಿಗೆ ಹಾಲು ಹಾಕಬೇಕೋ, ಹಾಲಿಗೆ ಡಿಕಾಕ್ಷನ್ ಹಾಕಬೇಕೋ ಎಂದು ಜಗಳವಾಡುವ ಮನೆಗಳಿಗೆ ಬರವೇ?

ಫಿಲ್ಟರಿಗೆ 40 ಗ್ರಾಂ ಪುಡಿ, 200 ಮಿ.ಲೀ. ಕುದಿಯುವ ನೀರು, ಸುಮಾರು 140 ಮಿ.ಲೀ. ಡಿಕಾಕ್ಷನ್ ಇಳಿಯುತ್ತದೆ. ಪೂರ್ತಿ ಇಳಿದ ಮೇಲೆ ಚಮಚದಲ್ಲಿ ಕಲಕಿ. ಮೊದಲು ಇಳಿದದ್ದು ಗಟ್ಟಿ, ಕೊನೆಗೆ ಇಳಿದದ್ದು ತೆಳು. ಕಲಕದಿದ್ದರೆ ಲೋಟದಿಂದ ಲೋಟಕ್ಕೆ ಕಡುಪು ಬೇರೆಯಾಗಿ ಆಟವೇ ಕೆಡುತ್ತದೆ. 400 ಮಿ.ಲೀ. ಹಾಲು ಕಾಯಿಸಿ ಕೆನೆ ಸೋಸಿ, ಸಕ್ಕರೆಯನ್ನು ಹಾಲಿಗೇ ಬೆರೆಸಿಡಿ. ಒಂದೇ ಅಳತೆಯ ಎಂಟು ಸ್ಟೀಲ್ ಲೋಟ ಬಿಸಿನೀರಿನಲ್ಲಿ ಅದ್ದಿ ಒರೆಸಿ, ತಳಕ್ಕೆ ಅಂಕಿ ಅಂಟಿಸಿ. ನಾಲ್ಕಕ್ಕೆ ಹಾಲು ಮೊದಲು, ನಾಲ್ಕಕ್ಕೆ ಡಿಕಾಕ್ಷನ್ ಮೊದಲು. ಯಾವುದಕ್ಕೆ ಯಾವುದೆಂದು ಚೀಟಿ ಎತ್ತಿ ಗೊತ್ತುಮಾಡಿ, ನಿಮಗೆ ತೋಚಿದಂತಲ್ಲ. ಪ್ರತಿ ಲೋಟಕ್ಕೂ 15 ಮಿ.ಲೀ. ಡಿಕಾಕ್ಷನ್, 45 ಮಿ.ಲೀ. ಹಾಲು, ಔಷಧಿಯ ಅಳತೆ ಮುಚ್ಚಳದಲ್ಲಿ. ಎತ್ತಿ ಹೊಯ್ಯಬೇಡಿ: ನೊರೆ ನೋಡಿಯೇ ಹೇಳಿಬಿಡುತ್ತಾರೆ. ಎಲ್ಲ ಲೋಟವನ್ನೂ ಚಮಚದಿಂದ ಐದೈದು ಸಲ ತಿರುಗಿಸಿ.

ಬೆರೆಸಿದವರು ಬಡಿಸಬಾರದು. ಕಣ್ಣಿನ ಒಂದು ಸನ್ನೆ ಸಾಕು ಗುಟ್ಟು ಬಿಟ್ಟುಕೊಡಲು. ಬೆರೆಸಿದವರು ಅಡಿಗೆಮನೆಯಲ್ಲೇ ಉಳಿಯಲಿ, ಏನೂ ಗೊತ್ತಿಲ್ಲದ ಮೂರನೆಯವರು ತಂದಿಡಲಿ. ಕುಡಿಯುವವರಿಗೆ ನಾಲ್ಕು ನಾಲ್ಕು ಎಂದು ಮೊದಲೇ ಹೇಳಿರಬೇಕು. ಲೋಟಕ್ಕೊಂದು ಗುಟುಕು, ನಡುವೆ ಬಾಯಿಗೆ ನೀರು. ಎಂಟೂ ಮುಗಿದ ಮೇಲೆ ಉತ್ತರ ಬರೆದುಕೊಟ್ಟು, ಆಮೇಲೆ ಚೀಟಿ ಬಿಡಿಸುವುದು.

ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿಗಳಿವೆ. ಎಲ್ಲ ನಾಲ್ಕೂ ಸರಿಯಾದರೆ ಅದು ಅದೃಷ್ಟದಿಂದ ಆಗುವುದು 70ಕ್ಕೆ ಒಂದು ಸಲ. ನಾಲಿಗೆಗೆ ಮರ್ಯಾದೆ ಕೊಡಿ. ನಾಲ್ಕರಲ್ಲಿ ಮೂರು ಸರಿಯಾದರೆ ‘ಬಹುತೇಕ ಸರಿ ಹೇಳಿದೆನಲ್ಲ’ ಎಂದು ಎದೆ ತಟ್ಟಿಕೊಳ್ಳುತ್ತಾರೆ, ಒಪ್ಪಬೇಡಿ. ಮೂರು ಅಥವಾ ನಾಲ್ಕು ಸರಿಯಾಗುವುದು 70ರಲ್ಲಿ 17 ದಾರಿಗಳಲ್ಲಿ, ಅಂದರೆ ಸುಮ್ಮನೆ ಊಹಿಸಿದರೂ ನಾಲ್ಕಕ್ಕೊಂದು ಸಲ. ಒಂದು ತಪ್ಪಿಗೆ ಅವಕಾಶ ಕೊಡಬೇಕೆಂದರೆ 12 ಲೋಟ ಇಡಿ, ಆರು ಆರು. ಆಗ ಒಟ್ಟು 924 ದಾರಿ. ಆರರಲ್ಲಿ ಐದು ಅಥವಾ ಆರು ಸರಿಯಾಗುವುದು 37ರಲ್ಲಿ, ನೂರಕ್ಕೆ 4. ಅದಕ್ಕೆ 180 ಮಿ.ಲೀ. ಡಿಕಾಕ್ಷನ್ ಬೇಕು, ಪುಡಿ 55 ಗ್ರಾಂ ಹಾಕಿ, ನೀರು, ಹಾಲನ್ನೂ ಅದೇ ಲೆಕ್ಕದಲ್ಲಿ ಹೆಚ್ಚಿಸಿ. ಎಷ್ಟು ಲೋಟ, ಎಷ್ಟು ಸರಿಯಾದರೆ ಗೆಲುವು ಅನ್ನುವುದನ್ನು ಹಾಲು ಒಲೆಯ ಮೇಲಿಡುವ ಮೊದಲೇ ಬರೆದಿಡಿ. ಸೋತ ಮೇಲೆ ‘ಇನ್ನೊಂದು ನಾಲ್ಕು ಲೋಟ ನೋಡೋಣ’ ಎಂದು ಬೇಡಿದರೆ ಆ ನಾಲ್ಕನ್ನು ಹಳೆಯ ಲೆಕ್ಕಕ್ಕೆ ಸೇರಿಸುವಂತಿಲ್ಲ. ಹೊಸ ಚೀಟಿ, ಹೊಸ ಡಿಕಾಕ್ಷನ್, ಪೂರಾ ಹನ್ನೆರಡು ಲೋಟ.